ಸತ್ತಿದೆ ಅಂದಿದ್ದ ಟಿಬಿಪಿ ಬ್ಯಾಂಡ್ ಕೊಟ್ಟ ಕಥೆ

ಜೆಲ್‌ನ ಆರನೇ ಲೇನ್‌ನಲ್ಲಿ, ಸ್ಯಾಂಪಲ್ ಹಾಕುವ ಗುಂಡಿಯಿಂದ ಎರಡು ಬೆರಳು ಕೆಳಗೆ, ಒಂದು ಗೆರೆ. ಅಷ್ಟೇ. ಆ ಗೆರೆಗೋಸ್ಕರ ಪುಣೆಯಲ್ಲಿ ನನ್ನ 14 ತಿಂಗಳು ಹೋಗಿವೆ. ಟಿಬಿಪಿ ಅಂದರೆ ಜೀನ್ ಮುಂದಿರುವ ಟಾಟಾ ಬಾಕ್ಸ್ (ಟಿ-ಎ-ಟಿ-ಎ ಅಂತ ಶುರುವಾಗುವ ಡಿಎನ್‌ಎ ತುಣುಕು) ಮೇಲೆ ಕೂರುವ ಪ್ರೋಟೀನ್. ಮನುಷ್ಯನ ಟಿಬಿಪಿಯನ್ನು ಬ್ಯಾಕ್ಟೀರಿಯಾದಲ್ಲಿ ಮಾಡಿ ಕೆಲಸಕ್ಕೆ ಬರೋ ಹಾಗೆ ತೆಗೆಯುವುದು ನಮ್ಮ ಲ್ಯಾಬ್‌ನಲ್ಲಿ ಆಗಲ್ಲ, ಸುಮ್ನೆ ಕೊಂಡುಕೋ ಅಂತ ಎಲ್ಲರೂ ಹೇಳಿದ್ದರು. ಬೆಲೆ ಕೇಳಿದೆ. ಒಂದು ಚಿಕ್ಕ ಟ್ಯೂಬಿಗೆ ಸುಮಾರು 40 ಸಾವಿರ. ಅದರಲ್ಲಿ ಮೂರು ಜೆಲ್ ಓಡಿಸಿದರೆ ಮುಗಿಯಿತು. ಆಯ್ತು, ನಾನೇ ಮಾಡ್ತೀನಿ ಅಂದೆ.

ಮೊದಲ ತಪ್ಪು ದುರಾಸೆಯದು. 339 ಅಮೈನೋ ಆಮ್ಲದ ಪೂರ್ತಿ ಪ್ರೋಟೀನೇ ಬೇಕು ಅಂತ ಹಟ ಹಿಡಿದೆ. ಅದರ ಮುಂಭಾಗದಲ್ಲಿ ಸಾಲಾಗಿ 30ಕ್ಕೂ ಜಾಸ್ತಿ ಗ್ಲುಟಮಿನ್ ಇವೆ. ಸೀಕ್ವೆನ್ಸಿಂಗ್ ಓದು ಅಲ್ಲಿಗೆ ಬಂದರೆ ಸಾಕು, ಮಸುಕು. ಎರಡು ಕಡೆಯಿಂದ ಓದಿಸಿ ಜೋಡಿಸುವಷ್ಟರಲ್ಲಿ ನಾಲ್ಕು ಸಾವಿರ ಹೋಯಿತು. 37 ಡಿಗ್ರಿಯಲ್ಲಿ ಇಂಡಕ್ಷನ್ ಕೊಟ್ಟೆ, ಅಂದರೆ ಪ್ರೋಟೀನ್ ಮಾಡು ಅಂತ ಬ್ಯಾಕ್ಟೀರಿಯಾಕ್ಕೆ ಸೂಚನೆ. ಪ್ರೋಟೀನ್ ಭರ್ಜರಿಯಾಗಿ ಬಂತು, ಎಲ್ಲವೂ ಕರಗದೆ ತಳ ಸೇರಿದ ಪೆಲೆಟ್‌ನಲ್ಲಿ. ಯೂರಿಯಾದಲ್ಲಿ ಕರಗಿಸಿ ಡಯಾಲಿಸಿಸ್ ಚೀಲದಲ್ಲಿಟ್ಟು ಮೆಲ್ಲಗೆ ಯೂರಿಯಾ ತೆಗೆದೆ. ಬೆಳಿಗ್ಗೆ ನೋಡಿದರೆ ಪ್ರೋಟೀನ್ ಮುದ್ದೆಗಟ್ಟಿ ಚೀಲದ ತುಂಬ ಮಜ್ಜಿಗೆ. ಐದು ಸಲ ಹೀಗೇ ಆಯಿತು. ಆಮೇಲೆ ಬುದ್ಧಿ ಬಂದು, ಡಿಎನ್‌ಎ ಹಿಡಿಯುವ ಹಿಂದಿನ 180 ಚಿಲ್ಲರೆ ಅಮೈನೋ ಆಮ್ಲದ ಭಾಗ ಮಾತ್ರ ಕ್ಲೋನ್ ಮಾಡಿದೆ. ನನ್ನ ಕೆಲಸಕ್ಕೆ ಅಷ್ಟೇ ಸಾಕಿತ್ತು.

ಅದನ್ನು 18 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಬೇಕು. ನಮ್ಮ ಶೇಕರ್‌ಗೆ ಕೂಲಿಂಗ್ ಇಲ್ಲ. ಮೇ ತಿಂಗಳ ಪುಣೆ, ರಾತ್ರಿ ಹತ್ತಕ್ಕೂ ಲ್ಯಾಬ್ ಒಳಗೆ 30 ಡಿಗ್ರಿ. ಕೂಲಿಂಗ್ ಇರುವ ಶೇಕರ್ ಎಂದರೆ ಲಕ್ಷಗಳ ಮಾತು. ಕೋಲ್ಡ್ ರೂಮಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಬೆಳೆಯೋದೇ ಇಲ್ಲ. ಗಾಜಿನ ಸಾಮಾನು ತೊಳೆಯುವ ಕಾಕಾ ವಿಜಯಪುರದ ಕಡೆಯವರು, ನಾನು ಧಾರವಾಡದವನು. ನಮ್ಮಿಬ್ಬರ ಕನ್ನಡ ಕೇಳಿ ಉಳಿದವರು ನಗುತ್ತಾರೆ. ಅವರು ಬಾಗಿಲಲ್ಲಿ ನಿಂತು ಕೇಳಿದರು: “ಸರ, ಮೀನಿನ ತೊಟ್ಟ್ಯಾಗ ಇಡೂ ಹೀಟರ್ ಇಟ್ರ ಆಗಂಗಿಲ್ಲೇನ್ರೀ?”

ಕಾಯಿಲ್ ಸುಟ್ಟುಹೋದ ಒಂದು ಹಳೇ ವಾಟರ್ ಬಾತ್ ಶೇಕರ್ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಎತ್ತಿ ಕೋಲ್ಡ್ ರೂಮಿಗೆ ಹಾಕಿದೆವು. 600 ರೂಪಾಯಿಗೆ ಅಕ್ವೇರಿಯಂ ಹೀಟರ್ ತಂದೆ. ಅದರ ತಿರುಗಣೆ ತೀರ ಕೆಳಗಿಟ್ಟರೆ ನೀರು 18-19ರಲ್ಲಿ ನಿಲ್ಲುತ್ತದೆ. ಹೀಟರ್ ನೀರಿನಿಂದ ಮೇಲೆ ಬಂದರೆ ಗಾಜು ಒಡೆಯುತ್ತೆ, ಮೊದಲನೆಯದು ಹಾಗೇ ಹೋಯಿತು. ಎರಡನೆಯದನ್ನು ಬಾತ್‌ನ ಗೋಡೆಗೆ ದಾರದಲ್ಲಿ ಕಟ್ಟಿದ್ದೇನೆ, ಇನ್ನೂ ಅಲ್ಲೇ ಇದೆ. ಇಂಡಕ್ಷನ್ ಕೊಡುವ ಐಪಿಟಿಜಿ 0.2 ಮಿಲಿಮೋಲಾರ್ ಸಾಕು, ಜಾಸ್ತಿ ಹಾಕಿ ನೋಡಿದ್ದೇನೆ, ಪೆಲೆಟ್ ಮಾತ್ರ ದಪ್ಪ ಆಯಿತು.

ಪ್ರೋಟೀನನ್ನು ಬೇರ್ಪಡಿಸುವ ಕಾಲಮ್ ಹಂತದಲ್ಲಿ ಎರಡು ಮಾತು. ಅಭ್ಯಾಸಬಲದಿಂದ ಕೋಶ ಒಡೆಯುವ ಲೈಸಿಸ್ ಬಫರಿಗೆ, ಲೋಹ ಕಿತ್ತುಕೊಳ್ಳುವ ಇಡಿಟಿಎ ಹಾಕಿಬಿಟ್ಟಿದ್ದೆ. ಪ್ರೋಟೀನ್ ಹಿಡಿಯುವ ನೀಲಿ ನಿಕಲ್ ಬೀಡ್ಸ್ ಕಣ್ಣೆದುರಿಗೇ ಮೇಲಿನಿಂದ ಕೆಳಗೆ ಬೆಳ್ಳಗಾಗುತ್ತ ಬಂದವು. ಹೊಸ ಬೀಡ್ಸ್ ಕೇಳಲು ಮುಖ ಇಲ್ಲದೆ ನಿಕಲ್ ಸಲ್ಫೇಟ್‌ನಲ್ಲಿ ಮತ್ತೆ ತುಂಬಿಸಿಕೊಂಡೆ. ಇನ್ನೊಂದು, ಉಪ್ಪು. ಈ ಪ್ರೋಟೀನಿಗೆ ಉಪ್ಪು ಕಮ್ಮಿಯಾದರೆ ಮತ್ತೆ ಮಜ್ಜಿಗೆ. ಪೊಟ್ಯಾಸಿಯಂ ಕ್ಲೋರೈಡ್ 250 ಮಿಲಿಮೋಲಾರ್‌ಗಿಂತ ಕೆಳಗೆ ನಾನು ಇಳಿಸಲ್ಲ. ನಿಕಲ್ ಆದಮೇಲೆ ಹೆಪಾರಿನ್ ಕಾಲಮ್. ಇವೆರಡರ ನಡುವೆ ಒಂದು ವಾಶ್ ಇದೆ, ಅಂಟಿಕೊಂಡ ಬ್ಯಾಕ್ಟೀರಿಯಾ ಡಿಎನ್‌ಎಯನ್ನೆಲ್ಲ ಕಿತ್ತು ಹಾಕುತ್ತದೆ. ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯಲ್ಲ. ಲ್ಯಾಬಿಗೆ ಬನ್ನಿ, ಚಹಾ ಕುಡಿಸಿ, ಹೇಳುತ್ತೇನೆ. ಎರಡು ಲೀಟರ್ ಕಲ್ಚರಿನಿಂದ ಒಂದೂವರೆ ಮಿಲಿಗ್ರಾಂ ಹತ್ತಿರ ಸಿಕ್ಕಿತು, 20 ಕಿಲೋಡಾಲ್ಟನ್ ಆಸುಪಾಸು ಒಂದೇ ಬ್ಯಾಂಡ್. ಆ ಕಾಲಕ್ಕೆ ನಾನೇ ರಾಜ ಅಂದುಕೊಂಡಿದ್ದೆ.

ಆಮೇಲೆ ಜೆಲ್ ಶಿಫ್ಟ್: ಪ್ರೋಟೀನ್ ಕೂತ ಡಿಎನ್‌ಎ ನಿಧಾನ ಓಡಿ ಜೆಲ್‌ನ ಮೇಲ್ಭಾಗದಲ್ಲೇ ಗೆರೆಯಾಗಿ ನಿಲ್ಲುತ್ತದೆ. ನನ್ನ ಡಿಎನ್‌ಎ ಪ್ರೋಬ್, ಟಾಟಾ ಬಾಕ್ಸ್ ಇರುವ ಅಡಿನೋವೈರಸ್ ಮೇಜರ್ ಲೇಟ್ ಪ್ರಮೋಟರಿನ ತುಂಡು, ಫ್ಲೋರೆಸೆಂಟ್ ಲೇಬಲ್. ಏನೂ ಇಲ್ಲ. ಪ್ರೋಟೀನ್ ಎರಡು ಪಟ್ಟು, ಹತ್ತು ಪಟ್ಟು, ಏನೂ ಇಲ್ಲ. ಜೆಲ್‌ಗೆ ಮೆಗ್ನೀಸಿಯಂ ಹಾಕಿದೆ, ಕೋಲ್ಡ್ ರೂಮಲ್ಲಿ ಓಡಿಸಿದೆ, ಪ್ರೋಬ್ ಜೊತೆ ಅರ್ಧ ಗಂಟೆ ಬಿಟ್ಟೆ. ಪ್ರೋಬ್ ತಳದಲ್ಲಿ ಹಾಯಾಗಿ ಕೂತಿತ್ತು. ಸರ್ ಫೋಟೋ ನೋಡಿ ಮರಾಠಿಯಲ್ಲೇ ಅಂದರು, “ಮೇಲಂಯ ತೇ.” ಸತ್ತಿದೆ ಅದು ಅಂತ. ಕೊಂಡುಕೊಳ್ಳುವ ಫಾರಂ ಕೂಡ ಟೇಬಲ್ ಮೇಲೆ ಬಂತು.

ಒಂದು ಶನಿವಾರ, ಎಲ್ಲೆಂದರಲ್ಲಿ ಅಂಟುವ ಪ್ರೋಟೀನನ್ನು ಸೆಳೆದುಕೊಳ್ಳಲು ಹಾಕುವ ಕಾಂಪಿಟಿಟರ್ ಡಿಎನ್‌ಎ ಮುಗಿದಿತ್ತು. ಬೇಸರದಲ್ಲಿ ಅದಿಲ್ಲದೆಯೇ ಒಂದು ಲೇನ್ ಹಾಕಿದೆ. ಲೇನ್ ಪೂರ್ತಿ ಎಳೆದಂತೆ ಕೊಳಕು, ಆದರೆ ನಡುವೆ ಒಂದು ಮಬ್ಬು ಗೆರೆ! ಅಂದರೆ ಪ್ರೋಟೀನ್ ಬದುಕಿತ್ತು. ಅದನ್ನು ನುಂಗುತ್ತಿದ್ದದ್ದು ನಮ್ಮ ಕಾಂಪಿಟಿಟರ್ ಪಾಲಿ ಡಿಐ-ಡಿಸಿ, ಇನೋಸಿನ್-ಸೈಟೋಸಿನ್ ಸರಪಳಿ. ಎಲ್ಲ ಶಿಫ್ಟ್‌ಗೂ ಕಣ್ಣು ಮುಚ್ಚಿ ಹಾಕುತ್ತೇವೆ, ಅಲ್ವಾ? ಟಿಬಿಪಿ ಕೂರುವುದು ಡಿಎನ್‌ಎಯ ಕಿರಿದಾದ ಕಾಲುವೆಯಲ್ಲಿ, ಅಂದರೆ ಮೈನರ್ ಗ್ರೂವ್‌ನಲ್ಲಿ. ಗ್ವಾನಿನ್‌ಗೆ ಆ ಕಡೆ ಚಾಚಿಕೊಂಡಿರುವ ಅಮೈನೋ ಗುಂಪು ಇನೋಸಿನ್‌ಗೆ ಇಲ್ಲ. ಹಾಗಾಗಿ ಆ ಕಡೆಯಿಂದ ನೋಡಿದರೆ ಐ-ಸಿ ಜೋಡಿ ಥೇಟ್ ಎ-ಟಿ ಜೋಡಿಯ ಹಾಗೇ. ಪ್ರೋಬ್‌ಗಿಂತ ನೂರಾರು ಪಟ್ಟು ಸುಳ್ಳು ಟಾಟಾ ಬಾಕ್ಸ್‌ಗಳನ್ನು ನಾನೇ ಟ್ಯೂಬಿಗೆ ಸುರಿಯುತ್ತಿದ್ದೆ.

ಇನೋಸಿನ್ ಬದಲು ಗ್ವಾನಿನ್ ಇರುವ ಪಾಲಿ ಡಿಜಿ-ಡಿಸಿ ತರಿಸಿದೆ, ಏಳೋ ಎಂಟೋ ಸಾವಿರ, ಬರಲು ಐದು ವಾರ. ಮೊದಲ ಜೆಲ್‌ನಲ್ಲೇ ಚಾಕುವಿನಲ್ಲಿ ಗೀರಿದಂಥ ಗೆರೆ. ಟಾಟಾ ಕೆಡಿಸಿದ ಪ್ರೋಬ್‌ನಲ್ಲಿ ಖಾಲಿ. ಸರ್ ಎರಡು ಸಲ ರಿಪೀಟ್ ಮಾಡಿಸಿದರು, ಎರಡೂ ಸಲ ಬಂತು. ಫಾರಂ ಸದ್ದಿಲ್ಲದೆ ಡ್ರಾಯರ್ ಸೇರಿತು.

ಹುಮ್ಮಸ್ಸಲ್ಲಿ ಟಿಬಿಪಿ ಜೊತೆ ಕೂರುವ ಪ್ರೋಟೀನ್ ಟಿಎಫ್‌ಐಐಬಿ ಕೂಡ ಮಾಡಿದೆ. ಟಿಬಿಪಿ ಆದಮೇಲೆ ಅದು ಮಕ್ಕಳಾಟ, ಹತ್ತು ದಿನದಲ್ಲಿ ಕೈಗೆ ಬಂತು. ಅದಕ್ಕೆ ಸತು ಬೇಕು, ಇಡಿಟಿಎ ಬಾಟಲಿಯನ್ನು ಈಗ ಬೇರೆ ಕಪಾಟಿನಲ್ಲೇ ಇಟ್ಟಿದ್ದೇನೆ. ಎರಡನ್ನೂ ಸೇರಿಸಿದರೆ ಗೆರೆ ಇನ್ನಷ್ಟು ಮೇಲೆ ನಿಲ್ಲುತ್ತದೆ. ಅದೇ ಗುಂಪಿನ ಟಿಎಫ್‌ಐಐಎ ಇನ್ನೂ ಸತಾಯಿಸುತ್ತಿದೆ. ಕೊಂಡುಕೋ ಅಂದವರಲ್ಲಿ ಒಬ್ಬರು ಮೊನ್ನೆ ನನ್ನ ಟಿಬಿಪಿ ಎರಡು ಟ್ಯೂಬ್ ಕೇಳಿದರು. ಒಂದು ಕೊಟ್ಟೆ.