ಟಿವಿ ಪೈಪಿನಲ್ಲಿ ಮಹಡಿಗೆ ಕೇಬಲ್ ಎಳೆದ ಎರಡು ಭಾನುವಾರ

ನಮ್ಮದು ಮೈಸೂರಿನಲ್ಲಿ 1994ರಲ್ಲಿ ಕಟ್ಟಿಸಿದ ಮನೆ. ಮಹಡಿ ಮೇಲಿನ ರೂಮು ಸೇರಿಕೊಂಡಿದ್ದು 2003ರಲ್ಲಿ. ಫೈಬರ್ ಇಂಟರ್ನೆಟ್ ಬರುವುದು ಕೆಳಗೆ ಹಾಲ್‌ಗೆ, ನಾನು ಕೂತು ಕೆಲಸ ಮಾಡುವುದು ಮೇಲೆ. ನಡುವೆ ಮೋಲ್ಡು, ಜೊತೆಗೆ ಒಂಬತ್ತು ಇಂಚಿನ ಎರಡು ಗೋಡೆ. ಮೀಟಿಂಗ್‌ನಲ್ಲಿ ನನ್ನ ಮಾತು ತುಂಡು ತುಂಡಾಗಿ ಕೇಳಿಸುತ್ತಿತ್ತಂತೆ. ಮೆಟ್ಟಿಲ ಹತ್ತಿರ ಒಂದು ವೈಫೈ ರಿಪೀಟರ್ ಇಟ್ಟು ನೋಡಿದೆ. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸಿತು, ವೇಗ ಮಾತ್ರ ಅರ್ಧಕ್ಕರ್ಧ. ಕೊನೆಗೆ ಕೇಬಲ್ಲನ್ನೇ ಎಳೆದುಬಿಡೋಣ ಅಂತ ಹೊರಟೆ.

ಗೋಡೆ ಕೊರೆಯೋದು ಬೇಡ ಅಂದರು ಅಮ್ಮ. ಗೋಡೆ ಮೇಲೆ ಪಟ್ಟಿ ಹೊಡೆಯೋದೂ ಬೇಡ. ಹೋದ ವರ್ಷವಷ್ಟೇ ಬಣ್ಣ ಆಗಿತ್ತು. ಹಾಗಾದರೆ ಉಳಿದದ್ದು ಒಂದೇ ದಾರಿ: ಹಾಲ್‌ನ ಟಿವಿ ಬಾಕ್ಸ್‌ನಿಂದ ಹೊರಟು, ಮಹಡಿ ರೂಮಿನ ಬಾಕ್ಸ್ ಮುಟ್ಟಿ, ಅಲ್ಲಿಂದ ಟೆರೇಸಿಗೆ ಹೋಗುವ ಮುಕ್ಕಾಲು ಇಂಚಿನ ಪಿವಿಸಿ ಪೈಪು. ಅದರೊಳಗೆ ಕೇಬಲ್ ಟಿವಿಯ ಹಳೇ ಕೋಆಕ್ಸಿಯಲ್ ವೈರು ಸುಮ್ನೆ ಮಲಗಿತ್ತು. ಅದನ್ನು ಯಾರೂ ಮುಟ್ಟಿ ವರ್ಷಗಳೇ ಆಗಿದ್ದವು.

ಮೊದಲು ಕರೆಂಟ್ ವಿಷಯ. ಮೇನ್ ಆಫ್ ಮಾಡಿದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಮನೆಯಲ್ಲಿ ಯುಪಿಎಸ್ ಇದ್ದರೆ ಅದು ಸಾಲದು. ಮೇನ್ ಆಫ್ ಆದ ತಕ್ಷಣ ಯುಪಿಎಸ್ ಬ್ಯಾಟರಿಯಿಂದ 230 ವೋಲ್ಟ್ ಕಳಿಸಲು ಶುರು ಮಾಡುತ್ತೆ. ನಮ್ಮ ಮಹಡಿ ರೂಮಿನ ಟಿವಿ ಬಾಕ್ಸ್ ಪಕ್ಕದಲ್ಲೇ ಇರುವ ಪ್ಲಗ್ ಪಾಯಿಂಟು ಯುಪಿಎಸ್ ಲೈನಿನದು. ವೈರು ಎಳೆಯಲು ಪೈಪಿನೊಳಗೆ ತೂರಿಸುವ ಉದ್ದನೆಯ ಸ್ಟೀಲ್ ಸ್ಪ್ರಿಂಗ್‌ನ ತುದಿ ಹೋಗಿ ಅಲ್ಲಿ ತಗುಲಿದರೆ ಇನ್ನೊಂದು ತುದಿ ಹಿಡಿದವರ ಗತಿ ಏನು? ಅದಕ್ಕೇ ನಾನು ನೈಲಾನ್ ಸ್ಪ್ರಿಂಗ್ ತಂದೆ. ಮೇನ್ ಆಫ್, ಯುಪಿಎಸ್ಸೂ ಆಫ್. ಆಮೇಲೆ ಒಂದೊಂದೇ ಬಾಕ್ಸಿಗೆ ಟೆಸ್ಟರ್ ಇಟ್ಟು ನೋಡಿದೆ. ಟೆಸ್ಟರ್ ಸರಿಯಾಗಿ ಉರಿಯುತ್ತಾ ಅಂತ ಅದಕ್ಕೂ ಮೊದಲೇ, ಕರೆಂಟ್ ಇದ್ದಾಗಲೇ ನೋಡಿಕೊಂಡಿದ್ದೆ. ಟಿವಿ ಪೈಪಿನಲ್ಲಿ ಕರೆಂಟ್ ವೈರು ಇಲ್ಲ ಅಂತಲೂ ಖಾತ್ರಿ ಮಾಡಿಕೊಂಡೆ. ಕರೆಂಟ್ ವೈರು ಇರುವ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ ಹಾಕಲೇಬಾರದು, ಜಾಗ ಎಷ್ಟೇ ಇರಲಿ.

ಕೇಬಲ್ ತರುವಾಗ ಒಂದು ಪರೀಕ್ಷೆ ಮಾಡಿ. ಒಳಗಿನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗೇ ಇದ್ದರೆ ಪೂರ್ತಿ ತಾಮ್ರ. ಬೆಳ್ಳಗೆ ಹೊಳೆದರೆ ಅದು ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಅಂಥದ್ದು ಬಾಗಿದ ಕಡೆ ಬೇಗ ಮುರಿಯುತ್ತೆ, ಪೈಪಿನಲ್ಲಿ ಎಳೆಯುವ ಕೆಲಸಕ್ಕೆ ಬೇಡವೇ ಬೇಡ. ನಾನು ಹೋದ ಮೊದಲ ಅಂಗಡಿಯದು ಬೆಳ್ಳಗಿತ್ತು, ಇನ್ನೊಂದು ಅಂಗಡಿಗೆ ಹೋಗಿ 25 ಮೀಟರ್ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್ ತಂದೆ. ಈಗ ಯಾರಾದರೂ ಕೇಳಿದರೆ ಅದಕ್ಕಿಂತ ಕೆಳಗಿನ ದರ್ಜೆಯ ಕ್ಯಾಟ್ 5ಇ ಸಾಕು ಅಂತೀನಿ. 100 ಮೀಟರ್ ತನಕ ಒಂದು ಗಿಗಾಬಿಟ್ ಅದರಲ್ಲೂ ಹೋಗುತ್ತೆ. ನಾನು ತಂದ ಕ್ಯಾಟ್ 6ರ ಮಧ್ಯದಲ್ಲಿ ನಾಲ್ಕು ಜೋಡಿಗಳನ್ನು ಬೇರೆ ಬೇರೆ ಇಡುವ ಪ್ಲಸ್ ಆಕಾರದ ಪ್ಲಾಸ್ಟಿಕ್ ಕಡ್ಡಿ ಇತ್ತು. ಅದರಿಂದ ಕೇಬಲ್ ಬಿರುಸು. ನೇರ ಪೈಪಿನಲ್ಲಿ ಅದು ಒಳ್ಳೇದೇ, ತಿರುವಿನಲ್ಲಿ ಕಷ್ಟ.

ಮೊದಲ ಭಾನುವಾರ ಎಲ್ಲರಿಗೂ ಹೊಳೆಯುವ ಉಪಾಯವನ್ನೇ ಮಾಡಿದೆ. ಹಳೇ ವೈರಿನ ಮೇಲಿನ ತುದಿಗೆ ಹೊಸ ಕೇಬಲ್ ಕಟ್ಟಿ, ಕೆಳಗಿನಿಂದ ಎಳೆಯೋದು. ಹಳೇ ವೈರು ಹೊರಬರುತ್ತಾ ಹೊಸದನ್ನು ಕರೆತರುತ್ತೆ ಅಂತ. ಸಡಿಲ ಇದ್ದ ಅರ್ಧ ಅಡಿ ಬಂತು. ಆಮೇಲೆ ಗಪ್ಪಂತ ನಿಂತಿತು. ಅಲ್ಲೇ ಕೈ ಬಿಟ್ಟು ಯೋಚಿಸಬೇಕಿತ್ತು. ನಾನು ವೈರನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಗೋಡೆಗೆ ಕಾಲು ಕೊಟ್ಟು ಜಗ್ಗಿದೆ. ಟಪ್ ಅಂತ ಶಬ್ದ. ವೈರು ಸರಾಗವಾಗಿ ಬರತೊಡಗಿತು. ಒಂದೆರಡು ಕ್ಷಣ ಖುಷಿಯಾಯಿತು. ಪೂರ್ತಿ ಈಚೆ ಬಂದಾಗ ನೋಡಿದರೆ ತುದಿ ಬೋಳು. ಹೊಸ ಕೇಬಲ್ ಮಹಡಿಯಲ್ಲಿ ಇದ್ದಲ್ಲೇ ಇತ್ತು.

ಆವತ್ತು ಮನಸ್ಸು ಕೆಟ್ಟಿತು. ಪೈಪಿನಲ್ಲಿ ಇದ್ದ ಒಂದೇ ಒಂದು ವೈರನ್ನೂ ಕಿತ್ತು ಹಾಕಿದ್ದೆ. ನೈಲಾನ್ ಸ್ಪ್ರಿಂಗನ್ನು ಕೆಳಗಿನಿಂದ ನೂಕಿದೆ, ಒಂದು ದೂರದಲ್ಲಿ ಟಕ್ ಅಂತ ನಿಂತಿತು. ತಿರುಗಿಸಿದೆ, ಹಿಂದೆ ಮುಂದೆ ಆಡಿಸಿದೆ, ಜಪ್ಪಯ್ಯ ಅನ್ನಲಿಲ್ಲ. ಮೇಲಿನಿಂದಲೂ ಅದೇ ಕಥೆ.

ರಾತ್ರಿ ಊಟ ಆದಮೇಲೆ ಕಿತ್ತು ಬಂದ ವೈರನ್ನು ಮತ್ತೆ ಕೈಗೆ ತಗೊಂಡೆ. ಮುರಿದ ವೈರಿನ ತುದಿ ಹಿಂಜಿರುತ್ತೆ, ಇದು ಹಿಂಜಿರಲಿಲ್ಲ. ತುದಿಯಿಂದ ಅರ್ಧ ಇಂಚು ಈಚೆ, ಹೊರಗಿನ ಹೊದಿಕೆ ಮೇಲೆ ಉಂಗುರ ಒತ್ತಿದ ಹಾಗೆ ಒಂದು ಗುರುತು. ನಡುವಿನ ತಂತಿ ನೇರಕ್ಕೆ ಕತ್ತರಿಸಿದ್ದು. ಅಂದರೆ ಇದು ತುಂಡಾಗಿಲ್ಲ, ಯಾವುದೋ ಜಾಯಿಂಟಿನಿಂದ ಕಳಚಿಕೊಂಡು ಬಂದಿದೆ. ಪೈಪಿನೊಳಗೆ ಯಾರೂ ಜಾಯಿಂಟ್ ಹಾಕೋದಿಲ್ಲ. ಜಾಯಿಂಟ್ ಇದೆ ಅಂದರೆ ಅಲ್ಲೊಂದು ಬಾಕ್ಸ್ ಇರಲೇಬೇಕು, ಅಲ್ವಾ? ಮೊದಲು ವೈರು ನಿಂತದ್ದೂ ಅದಕ್ಕೇ. ಜಾಯಿಂಟು ಪೈಪಿನ ಬಾಯಿಗೆ ಬಂದು ಸಿಕ್ಕಿಕೊಂಡಿತ್ತು. ಸ್ಪ್ರಿಂಗ್ ತುದಿ ಬಾಕ್ಸಿನೊಳಗೆ ಹೋಗಿ ಎದುರಿನ ಪೈಪಿನ ಬಾಯಿ ಸಿಗದೆ ತಗಡಿಗೆ ಬಡಿಯುತ್ತಿತ್ತು.

ವೈರನ್ನು ಹಾಲ್‌ನಲ್ಲಿ ಹಾಸಿ ಅಳೆದೆ. ಬಾಕ್ಸಿನ ಹೊರಗಿದ್ದದ್ದನ್ನು ಕಳೆದರೆ 7 ಮೀಟರ್ 20 ಸೆಂಟಿಮೀಟರ್. ಅಷ್ಟು ದೂರದಲ್ಲಿ ಬಾಕ್ಸ್ ಇದೆ. ಆದರೆ ಪೈಪು ಯಾವ ಕಡೆ ಹೋಗಿದೆ ಅಂತ ಗೊತ್ತಿಲ್ಲದಿದ್ದರೆ ಅಳತೆ ಇದ್ದು ಏನು ಉಪಯೋಗ? ಅಮ್ಮನನ್ನು ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು.

"ಮೋಲ್ಡ್ ಹಾಕೋ ದಿನ ನಾನು ಅಲ್ಲೇ ಇದ್ದೆ ಕಣೋ. ಆ ಪೈಪು ದೇವರ ಮನೆ ಮೇಲೆ ಹಾದು ಮೆಟ್ಟಿಲ ಗೋಡೆಗೆ ಹೋಗುತ್ತೆ. ಮೆಟ್ಟಿಲು ತಿರುಗೋ ಕಡೆ ಒಂದು ಡಬ್ಬ ಇತ್ತು. ಮೇಲೆ ರೂಮು ಕಟ್ಟಿ ಬಣ್ಣ ಹೊಡೆಸುವಾಗ ಚೆನ್ನಾಗಿ ಕಾಣಲ್ಲ ಅಂತ ನಿಮ್ಮಪ್ಪ ಮುಚ್ಚಿಸಿಬಿಟ್ಟರು."

1994ರ ಪೈಪಿಗೆ 2003ರ ಪೈಪು ಸೇರಿದ್ದು ಅಲ್ಲಿ. ಎದ್ದು ಹೋಗಿ ಟೇಪ್ ಹಿಡಿದೆ. ಹಾಲ್ ಬಾಕ್ಸಿನಿಂದ ಮೋಲ್ಡಿಗೆ, ಮೋಲ್ಡಿನಿಂದ ಮೆಟ್ಟಿಲ ಗೋಡೆಗೆ, ಅಲ್ಲಿಂದ ಮೇಲಕ್ಕೆ. 7 ಮೀಟರ್ 20 ಬಂದು ನಿಂತಿದ್ದು ಮೆಟ್ಟಿಲ ತಿರುವಿನಲ್ಲಿ, ನನ್ನ ಎದೆಮಟ್ಟದಲ್ಲಿ. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ, ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಆಗಿನ ಬಾಕ್ಸ್‌ಗಳು ಕಬ್ಬಿಣದ ತಗಡಿನವು. ಹಳೇ ಸ್ಪೀಕರ್‌ನಿಂದ ತೆಗೆದಿಟ್ಟ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗೋಡೆಗೆ ತಾಗುವ ಹಾಗೆ ತೂಗಾಡಿಸುತ್ತಾ ಹೋದೆ. ಒಂದು ಕಡೆ ಅದು ತಾನಾಗಿ ಗೋಡೆ ಕಡೆ ವಾಲಿ, ಟಿಕ್ ಅಂತ ಅಂಟಿಕೊಂಡಿತು. ಅಮ್ಮ ಹೇಳಿದ ಜಾಗಕ್ಕೂ ಅದಕ್ಕೂ ಒಂದು ಗೇಣು ಅಂತರ. ಇಪ್ಪತ್ತು ವರ್ಷದ ನಂತರ ಒಂದು ಗೇಣು!

ಎರಡನೇ ಭಾನುವಾರ ಬಾಕ್ಸಿನ ಸುತ್ತ ಕಟ್ಟರ್ ಬ್ಲೇಡಿನಿಂದ ಗೆರೆ ಎಳೆದು, ಪುಟ್ಟಿ ಎಬ್ಬಿಸಿ ಮುಚ್ಚಳ ಬಿಚ್ಚಿದೆ. ಒಳಗೆ ಮೇಲಿನ ವೈರು ಜಾಯಿಂಟ್ ಸಮೇತ ನೇತಾಡುತ್ತಿತ್ತು. ಕೆಳಗಿನ ಪೈಪು ಖಾಲಿ. ಹಾಲ್‌ನಿಂದ ಸ್ಪ್ರಿಂಗ್ ನೂಕಿದರೆ ಅರ್ಧ ನಿಮಿಷದಲ್ಲಿ ಬಾಕ್ಸಿನಲ್ಲಿ ಇಣುಕಿತು.

ಮೇಲಿನ ಪೈಪು ಸತಾಯಿಸಿತು. ಬಾಕ್ಸಿನಿಂದ ಮೇಲಕ್ಕೆ ಎರಡು ಅಡಿ ದೂರದಲ್ಲೇ ಬೆಂಡ್ ಬದಲು ಎಲ್ಬೋ ಹಾಕಿದ್ದಾರೆ. ಬೆಂಡ್ ಅಂದರೆ ನಿಧಾನವಾಗಿ ಬಾಗುವ ತಿರುವು, ಎಲ್ಬೋ ಅಂದರೆ ಮೊಣಕೈ ಹಾಗೆ ಒಮ್ಮೆಗೇ ತಿರುಗುವುದು. ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಮೋಲ್ಡ್ ಹಾಕುವ ಮುಂಚೆ ಇದೊಂದನ್ನು ಹೋಗಿ ನೋಡಿ. ನಮ್ಮ ಎಲ್ಬೋದಲ್ಲಿ ಮಣ್ಣೂ ತುಂಬಿತ್ತು. ಟೆರೇಸಿನಲ್ಲಿ ಪೈಪಿನ ಬಾಯಿ ಆಕಾಶಕ್ಕೆ ತೆರೆದುಕೊಂಡಿದೆ. ಇಷ್ಟು ವರ್ಷ ಧೂಳು, ಮರಳು ಇಳಿದಿದೆ, ಮೇಲಿಂದ ಕುಂಬಾರ ಹುಳ ಗೂಡು ಕಟ್ಟಿದೆ, ಗೂಡಿನ ಮಣ್ಣೂ ಕಳಚಿ ಒಳಗೆ ಬಿದ್ದಿದೆ.

ಈ ಸಲ ಜಗ್ಗಲಿಲ್ಲ. ಉಳಿದ ಎಂಸಿಬಿಗಳನ್ನೆಲ್ಲ (ಒಂದೊಂದು ಲೈನಿನ ಸ್ವಿಚ್) ಆಫ್ ಮಾಡಿ, ಮೇನ್ ಜೊತೆಗೆ ಅಡುಗೆಮನೆಯದೊಂದನ್ನೇ ಆನ್ ಮಾಡಿ, ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ವ್ಯಾಕ್ಯೂಮ್ ಕ್ಲೀನರ್ ಹಚ್ಚಿದೆ. ಅದರ ಬಾಯಿಯನ್ನು ಮೆಟ್ಟಿಲ ಬಾಕ್ಸಿನ ಪೈಪಿಗೆ ಬಟ್ಟೆ ಸುತ್ತಿ ಹಿಡಿದು, ಹಳೇ ವೈರನ್ನು ಅರ್ಧರ್ಧ ಇಂಚು ಮೇಲೆ ಕೆಳಗೆ ಆಡಿಸುತ್ತಾ ಇದ್ದೆ. ವೈರೇ ಒಳಗಿನ ಮಣ್ಣನ್ನು ಕೆದಕುತ್ತೆ, ಸಡಿಲವಾದದ್ದನ್ನು ಮಷಿನ್ ಎಳೆದುಕೊಳ್ಳುತ್ತೆ. ಪೈಪಿನೊಳಗೆ ಮರಳು ಗರಗರ ಅಂತ ಇಳಿಯುವ ಸದ್ದು ಕೇಳಿಸುತ್ತಿತ್ತು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ವೈರು ಕೈಗೆ ಹಗುರಾಯಿತು. ಜಾಯಿಂಟ್ ಕತ್ತರಿಸಿ, ಆ ತುದಿಗೆ ನೈಲಾನ್ ಹುರಿ ಕಟ್ಟಿ ಮಹಡಿಯಿಂದ ಎಳೆದುಕೊಂಡೆ. ತೀರಾ ತೆಳ್ಳಗಿನ ದಾರ ಬೇಡ. ಎಲ್ಬೋದಲ್ಲಿ ಉಜ್ಜಿ ಉಜ್ಜಿ ಅದು ಪಿವಿಸಿಯನ್ನೇ ಕೊಯ್ಯುತ್ತೆ.

ಕೇಬಲ್ ಕಟ್ಟುವ ತುದಿಯೇ ಮುಖ್ಯ. ನಾನು ಮೊದಲು ಕಟ್ಟಿದ್ದು ಗಂಟು ಗಂಟಾಗಿತ್ತು, ತಿರುವಿನಲ್ಲಿ ಖಂಡಿತ ಸಿಕ್ಕಿಕೊಳ್ಳುತ್ತಿತ್ತು. ಅಮ್ಮ ಇಲ್ಲಿ ಕೊಡು ಅಂತ ತಗೊಂಡರು. ಅರ್ಧ ಅಡಿ ಹೊದಿಕೆ ಸುಲಿದು, ನಡುವಿನ ಪ್ಲಾಸ್ಟಿಕ್ ಕಡ್ಡಿ ಕತ್ತರಿಸಿ ತೆಗೆದೆವು. ನಾಲ್ಕು ಜೋಡಿಯಲ್ಲಿ ಒಂದನ್ನು ಉದ್ದ ಬಿಟ್ಟು ಉಳಿದವನ್ನು ಒಂದಕ್ಕಿಂತ ಒಂದು ಗಿಡ್ಡ ಮಾಡಿದೆವು. ಉದ್ದ ಇರುವುದನ್ನು ಸ್ಪ್ರಿಂಗಿನ ಕಣ್ಣಿಗೆ ಪೋಣಿಸಿ ಹಿಂದಕ್ಕೆ ಮಡಚಿ, ಇನ್ಸುಲೇಷನ್ ಟೇಪನ್ನು ಎಳೆದೆಳೆದು ಸುತ್ತಿದರು. ತುದಿ ಚೂಪು, ಬುಡ ದಪ್ಪ, ನಡುವೆ ಎಲ್ಲೂ ಮೆಟ್ಟಿಲಿಲ್ಲ. ದಿನಾ ಹೂಬತ್ತಿ ಹೊಸೆಯುವ ಕೈ ಅದು. ಮೇಲೆ ಟಾಲ್ಕಂ ಪೌಡರ್ ಸವರಿದೆವು. ಎಣ್ಣೆ, ಗ್ರೀಸ್ ಹಾಕಬೇಡಿ, ಪಿವಿಸಿಗೆ ಆಗಿಬರೋದಿಲ್ಲ. ಮುಂಚೆಯೇ ಕೇಬಲ್ ತುದಿಗೆ ಪ್ಲಗ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ) ಎಳೆಯುವ ಆಸೆಯನ್ನೂ ಬಿಡಿ, ಎಲ್ಬೋ ಹತ್ತಿರ ನಿಂತೇ ನಿಲ್ಲುತ್ತೆ.

ನಡುವೆ ಬಾಕ್ಸ್ ಸಿಕ್ಕಿದ್ದರಿಂದ ಕೇಬಲ್ಲನ್ನು ಅಲ್ಲಿಂದಲೇ ಎರಡೂ ಕಡೆಗೆ ಬಿಟ್ಟೆವು. ಸುರುಳಿಯನ್ನು ಮೆಟ್ಟಿಲ ಮೇಲೆ ಉರುಳಿಸಿ ಬಿಡಿಸಿದೆ. ಸುರುಳಿಯಿಂದ ಹಾಗೇ ಎತ್ತಿ ಎಳೆದರೆ ಕೇಬಲ್ ತಿರುಚಿಕೊಳ್ಳುತ್ತೆ. ಅಮ್ಮ ಮೆಟ್ಟಿಲ ಮೇಲೆ ಕೂತು ನೂಕಲು, ನಾನು ಹಾಲ್‌ನಿಂದ ಎಳೆಯಲು. ಇಬ್ಬರ ಫೋನೂ ಸ್ಪೀಕರ್‌ನಲ್ಲಿ.

ಎಳೆಯುವವನದೇ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ನಿಜವಾಗಿ ಕೆಲಸ ನೂಕುವವರದು. ಈ ಕೇಬಲ್ ತಾಳುವುದು ಸುಮಾರು 11 ಕೆಜಿ ಸೆಳೆತವನ್ನು ಮಾತ್ರ, ಹತ್ತು ಲೀಟರಿನ ತುಂಬಿದ ಬಕೆಟ್ ಎತ್ತುವಷ್ಟು. ಅದಕ್ಕಿಂತ ಜೋರಾಗಿ ಜಗ್ಗಿದರೆ ಒಳಗಿನ ಜೋಡಿಗಳ ಹುರಿ ಸಡಿಲವಾಗುತ್ತೆ, ಹೊರಗೆ ಏನೂ ಕಾಣೋದಿಲ್ಲ. ನೂಕುವ ಕೈಗೆ ಪೈಪಿನೊಳಗಿನ ಎಲ್ಲವೂ ಮೊದಲು ತಿಳಿಯುತ್ತೆ. "ತಡಿಯೋ, ಏನೋ ತಡೀತಾ ಇದೆ" ಅಂತ ಅಮ್ಮ ಅಂದಾಗೆಲ್ಲ ನಿಲ್ಲಿಸಿದೆ. ಅವರು ಒಂದು ಗೇಣು ಹಿಂದಕ್ಕೆ ತಗೊಂಡು, ಅರ್ಧ ಸುತ್ತು ತಿರುಗಿಸಿ, "ಹ್ಞೂಂ, ಈಗ ಎಳಿ" ಅನ್ನುವರು. ಕೆಳಗಿನ ಭಾಗ ಐದು ನಿಮಿಷದಲ್ಲಿ ಮುಗಿಯಿತು. ಮೇಲಿನದಕ್ಕೆ ಎಲ್ಬೋದಲ್ಲಿ ನಾಲ್ಕು ಸಲ ನಿಂತು, ಹತ್ತು ಹನ್ನೆರಡು ನಿಮಿಷ.

ಕೊನೆಯಲ್ಲಿ ಮೆಟ್ಟಿಲ ಹತ್ತಿರ ಒಂದು ಸುತ್ತು ಉಳಿಯುತ್ತೆ. ಅದು ಒಳಗೆ ಹೋಗುವಾಗಲೇ ಮಡಿಕೆ ಬೀಳೋದು. ಕೇಬಲ್ಲಿನ ದಪ್ಪ ಆರು ಮಿಲಿಮೀಟರ್, ಅದರ ನಾಲ್ಕರಷ್ಟಕ್ಕಿಂತ ಚಿಕ್ಕ ತ್ರಿಜ್ಯಕ್ಕೆ ಬಾಗಬಾರದು. ಅಮ್ಮ ಕಾಫಿ ಕುಡಿದ ಸ್ಟೀಲ್ ಲೋಟವನ್ನೇ ಸುತ್ತಿನೊಳಗೆ ಹಿಡಿದುಕೊಂಡರು. ಕೇಬಲ್ ಲೋಟದ ಮೈ ಸುತ್ತಿಕೊಂಡು ನಿಂತ ಮೇಲೆ ಲೋಟ ತೆಗೆದು, ಆ ಸುತ್ತನ್ನು ಬಾಕ್ಸಿನೊಳಗೆ ಕೂರಿಸಿದೆವು.

ಎರಡೂ ಕಡೆ ಕೀಸ್ಟೋನ್ ಜ್ಯಾಕ್, ಅಂದರೆ ನೆಟ್‌ವರ್ಕ್ ಪ್ಲಗ್ ಚುಚ್ಚುವ ಸಾಕೆಟ್, ಕೂರಿಸಿದೆ. ಒಳಗಿನ ಎಂಟು ಎಳೆಗಳ ಬಣ್ಣದ ಕ್ರಮ ಎರಡು ಕಡೆಯೂ ಒಂದೇ, 568ಬಿ ಅನ್ನುವ ಕ್ರಮ. ಕರೆಂಟ್ ಹಾಕಿ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಬಂತು, ಆದರೆ ಲಿಂಕ್ ವೇಗ 100 ಮೆಗಾಬಿಟ್. ಇಲ್ಲಿ ಅನೇಕರು ಸಾಕು ಅಂತ ಬಿಟ್ಟುಬಿಡುತ್ತಾರೆ. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಅಂದರೆ ಯಾವುದೋ ಎಳೆ ಕೂತಿಲ್ಲ. ಎಂಟು ಎಳೆಗೂ ಒಂದೊಂದು ದೀಪ ಇರುವ ನೆಟ್‌ವರ್ಕ್ ಕೇಬಲ್ ಟೆಸ್ಟರ್ ಹಾಕಿದಾಗ ಏಳನೇ ದೀಪ ಉರಿಯಲಿಲ್ಲ, ಕಂದು ಪಟ್ಟಿಯ ಬಿಳಿ ವೈರು. ಮಹಡಿಯ ಜ್ಯಾಕಿನಲ್ಲಿ ಅದನ್ನು ಮತ್ತೆ ಒತ್ತಿ ಕೂರಿಸಿದೆ. 1000 ತೋರಿಸಿತು.

ಕೇಬಲ್ ಜೊತೆಗೇ ಒಂದು ಹುರಿಯನ್ನೂ ಎಳೆದು ಪೈಪಿನಲ್ಲೇ ಬಿಟ್ಟಿದ್ದೇನೆ. ಮೂರೂ ಬಾಕ್ಸಿನಲ್ಲಿ ಅದರ ತುದಿಯನ್ನು ಒಂದೊಂದು ನಟ್ಟಿಗೆ ಕಟ್ಟಿದೆ, ಜಾರಿ ಒಳಗೆ ಹೋಗದ ಹಾಗೆ. ಮೆಟ್ಟಿಲ ಬಾಕ್ಸಿಗೆ ಗೋಡೆ ಬಣ್ಣದ್ದೇ ಮುಚ್ಚಳ ಹಾಕಿದೆ, ಪುಟ್ಟಿ ಹಚ್ಚಲಿಲ್ಲ. ಮುಚ್ಚಳದ ಒಳಬದಿಯಲ್ಲಿ ಪೈಪಿನ ದಾರಿ, ಅಳತೆ, ಎಲ್ಬೋ ಇರುವ ಜಾಗ ಎಲ್ಲವನ್ನೂ ಮಾರ್ಕರ್‌ನಲ್ಲಿ ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, "ದೇವರ ಮನೆ ಮೇಲೆ ಹೋಗುತ್ತೆ ಅಂತಲೂ ಬರಿ, ಅಲ್ಲಿ ಯಾರಾದರೂ ಡ್ರಿಲ್ ಮಾಡಿಬಿಟ್ಟಾರು" ಅಂದರು. ಅದನ್ನೂ ಸೇರಿಸಿ ಸ್ಕ್ರೂ ಬಿಗಿದೆ. ಟೆರೇಸಿನ ಪೈಪಿಗೆ ಬಾಯಿ ಕೆಳಗಾಗುವ ಹಾಗೆ ಎರಡು ಬೆಂಡ್ ಹಾಕಿ, ಸೊಳ್ಳೆ ಜಾಲರಿ ಕಟ್ಟಿದ್ದೇನೆ.