ದಿನವಿಶೇಷ ಬರೆಯುವ ಕ್ರಮ: ನವೆಂಬರ್ 1ರ ಉದಾಹರಣೆಯೊಂದಿಗೆ

ಶಾಲೆಯ ಪ್ರಾರ್ಥನೆಯ ವೇಳೆ ಓದುವುದಕ್ಕೋ ಗ್ರಂಥಾಲಯದ ಕರಿಹಲಗೆಯ ಮೇಲೆ ಬರೆಯುವುದಕ್ಕೋ ದಿನವಿಶೇಷ ಸಿದ್ಧಪಡಿಸುವವರು ಇಸವಿಯನ್ನು ಎರಡೆರಡು ಬಾರಿ ಪರಿಶೀಲಿಸುತ್ತಾರೆ. ಕ್ರಿಯಾಪದದ ಕಡೆಗೆ ಮಾತ್ರ ಗಮನ ಕೊಡುವುದಿಲ್ಲ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ಆ ದಿನ ಕಾಯ್ದೆಗೆ ಅಂಕಿತ ಬಿತ್ತೇ, ಕಾಯ್ದೆ ಜಾರಿಗೆ ಬಂತೇ, ಅಥವಾ ಕೇವಲ ಹೆಸರು ಬದಲಾಯಿತೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಬರೆದ ಸಾಲು, ತಾರೀಕು ಸರಿಯಿದ್ದರೂ ಸುಳ್ಳಾಗುತ್ತದೆ.

ನಮಗೆಲ್ಲ ಪರಿಚಿತವಾದ ನವೆಂಬರ್ 1ನ್ನೇ ತೆಗೆದುಕೊಳ್ಳೋಣ. ‘1956ರಲ್ಲಿ ಈ ದಿನ ಕರ್ನಾಟಕ ರಾಜ್ಯ ಉದಯವಾಯಿತು’ ಎಂದು ಬರೆಯುವುದು ರೂಢಿ. ಆ ದಿನ ಜಾರಿಗೆ ಬಂದದ್ದು ರಾಜ್ಯ ಪುನರ್ವಿಂಗಡಣಾ ಕಾಯ್ದೆ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು ಆ ವರ್ಷದ ಆಗಸ್ಟ್ 31ರಂದು. ಮುಂಬಯಿ ರಾಜ್ಯದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಭಾಗಗಳು, ಹೈದರಾಬಾದ್ ರಾಜ್ಯದ ಬೀದರ್, ಗುಲ್ಬರ್ಗ, ರಾಯಚೂರು ಭಾಗಗಳು, ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು, ಇವೆಲ್ಲ ಹಳೆಯ ಮೈಸೂರಿನೊಂದಿಗೆ ಒಂದಾಗಿ ರೂಪುಗೊಂಡ ರಾಜ್ಯದ ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಕರ್ನಾಟಕ ಎಂಬ ಹೆಸರು ಬಂದದ್ದು ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು. ಆದ್ದರಿಂದ ಒಂದು ಸಾಲಿನ ಬದಲು ಎರಡು ಸಾಲು ಬೇಕು: 1956ಕ್ಕೆ ‘ಏಕೀಕರಣ’, 1973ಕ್ಕೆ ‘ನಾಮಕರಣ’. ಬಳ್ಳಾರಿಯನ್ನು 1956ರ ಪಟ್ಟಿಗೆ ಸೇರಿಸುವ ತಪ್ಪೂ ಆಗಾಗ ಕಾಣುತ್ತದೆ. ಆಂಧ್ರ ರಾಜ್ಯ ರಚನೆಯಾದಾಗ, 1953ರ ಅಕ್ಟೋಬರ್ 1ರಂದೇ ಅದು ಮೈಸೂರಿಗೆ ಸೇರಿತ್ತು.

ಪುದುಚೇರಿಯ ವಿಷಯದಲ್ಲಿ ಇದೇ ಎಚ್ಚರ ಇನ್ನೂ ಹೆಚ್ಚು ಬೇಕಾಗುತ್ತದೆ. 1954ರ ನವೆಂಬರ್ 1ರಂದು ಫ್ರೆಂಚರು ಬಿಟ್ಟುಕೊಟ್ಟದ್ದು ಆಡಳಿತವನ್ನು. ಕಾನೂನಿನ ಪ್ರಕಾರ ವಿಲೀನ ಪೂರ್ಣಗೊಂಡದ್ದು 1962ರ ಆಗಸ್ಟ್ 16ರಂದು. ‘ಆಡಳಿತ ಹಸ್ತಾಂತರವಾಯಿತು’ ಎಂದು ಬರೆದರೆ ಸಾಲು ನಿಲ್ಲುತ್ತದೆ, ‘ಭಾರತದಲ್ಲಿ ವಿಲೀನವಾಯಿತು’ ಎಂದರೆ ಆಕ್ಷೇಪಕ್ಕೆ ಎಡೆಯಾಗುತ್ತದೆ. ಹರಿಯಾಣ (1966), ಛತ್ತೀಸಗಢ (2000) ರಾಜ್ಯಗಳ ರಚನೆಯಲ್ಲಿ ಇಂಥ ತೊಡಕಿಲ್ಲ. ಒಂದೊಂದು ಸಾಲು ಸಾಕು.

ಕ್ರಿಯಾಪದದ ನಂತರ ನೋಡಬೇಕಾದದ್ದು ತಾರೀಕು ಯಾವ ಊರಿನ ಗಡಿಯಾರದ್ದು ಎಂಬುದನ್ನು. ಅಮೆರಿಕವು ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ್ವೀಪದಲ್ಲಿ ಮೊದಲ ಜಲಜನಕ ಬಾಂಬಿನ ಪರೀಕ್ಷೆ ನಡೆಸಿದಾಗ ಅಲ್ಲಿ 1952ರ ನವೆಂಬರ್ 1ರ ಬೆಳಗಾಗಿತ್ತು, ವಾಷಿಂಗ್ಟನ್‌ನಲ್ಲಿ ಇನ್ನೂ ಅಕ್ಟೋಬರ್ 31. ಘಟನೆ ನಡೆದ ಸ್ಥಳದ ತಾರೀಕನ್ನೇ ಹಿಡಿಯುವುದು ನನ್ನ ಪದ್ಧತಿ.

ಪಂಚಾಂಗದ ಪ್ರಶ್ನೆ ಇದಕ್ಕಿಂತ ರುಚಿಕರವಾದುದು. ರಷ್ಯಾದ ಅಕ್ಟೋಬರ್ ಕ್ರಾಂತಿಯನ್ನು ನವೆಂಬರ್ 7ರಂದು ಆಚರಿಸುತ್ತಿದ್ದುದಕ್ಕೆ ಅಲ್ಲಿ ಆಗ ಇಂದಿನ ಪಂಚಾಂಗಕ್ಕಿಂತ ಕೆಲವು ದಿನ ಹಿಂದೆ ಬಿದ್ದಿದ್ದ ಹಳೆಯ ಜೂಲಿಯನ್ ಪಂಚಾಂಗ ಬಳಕೆಯಲ್ಲಿದ್ದುದೇ ಕಾರಣ. ಸುಮಾರು 1755ರ ಕಾಲದ ಯುರೋಪಿನ ಘಟನೆಗಳಿಗೆಲ್ಲ ಈ ಗೊಂದಲ ಇದೆಯೆಂದು ಭಾವಿಸಬೇಕಿಲ್ಲ. ಆ ವರ್ಷ ನವೆಂಬರ್ 1ರಂದು ಲಿಸ್ಬನ್ ನಗರವನ್ನು ನೆಲಸಮ ಮಾಡಿದ ಭೂಕಂಪದ ದಿನಾಂಕವನ್ನು ಇದ್ದಂತೆಯೇ ಬರೆಯಬಹುದು, ಏಕೆಂದರೆ ಪೋರ್ಚುಗಲ್ 1582ರಲ್ಲಿಯೇ ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗವನ್ನು ಒಪ್ಪಿಕೊಂಡಿತ್ತು.

ನಮ್ಮ ಶಾಸನಗಳ ಕಾಲವನ್ನು ತಾರೀಕಿಗೆ ತರುವಾಗ ಮಾತ್ರ ಅವಸರ ಮಾಡಬಾರದು. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಚಾಲುಕ್ಯ ಮಂಗಳೇಶನ ಶಾಸನವು ಅವನ ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕವರ್ಷ 500 ಕಳೆದಿರುವಾಗ, ಕಾರ್ತಿಕ ಹುಣ್ಣಿಮೆಯಂದು ವಿಷ್ಣುವಿನ ಪ್ರತಿಷ್ಠೆಯಾಯಿತೆಂದು ಹೇಳುತ್ತದೆ. ಶಕವರ್ಷಕ್ಕೆ 78 ಕೂಡಿದರೆ ಕ್ರಿ.ಶ. 578 ಸಿಗುತ್ತದೆ, ಆ ಹುಣ್ಣಿಮೆಯನ್ನು ಲೆಕ್ಕ ಹಾಕಿದರೆ ಅಕ್ಟೋಬರ್ ಮುಗಿದು ನವೆಂಬರ್ ಹುಟ್ಟುವ ಸಂಧಿಗೆ ಬಂದು ನಿಲ್ಲುತ್ತದೆ. ರಾಜ್ಯೋತ್ಸವದ ದಿನವೇ ಚಾಲುಕ್ಯರ ಗುಹಾಲಯಕ್ಕೂ ಪ್ರತಿಷ್ಠೆಯಾಯಿತೆಂದು ಬರೆಯಲು ಕೈ ತುಡಿಯುವುದು ಸಹಜ. ಆದರೆ ಈ ಲೆಕ್ಕ ಜೂಲಿಯನ್ ಪಂಚಾಂಗದ್ದು. ಇಂದಿನ ಪಂಚಾಂಗಕ್ಕೆ ಹೊಂದಿಸಿದರೆ ಆರನೆಯ ಶತಮಾನದ ತಾರೀಕು ಎರಡು ದಿನ ಮುಂದಕ್ಕೆ ಸರಿಯುತ್ತದೆ. ಇಂಥ ಘಟನೆಯನ್ನು ನವೆಂಬರ್ 1ರ ಹಲಗೆಗೆ ಏರಿಸುವುದಕ್ಕಿಂತ ಕಾರ್ತಿಕ ಹುಣ್ಣಿಮೆ ಬರುವ ದಿನ, ಶಾಸನ ಹೇಳಿದ ತಿಥಿಯಲ್ಲೇ ಬರೆಯುವುದು ಹೆಚ್ಚು ಪ್ರಾಮಾಣಿಕ.

ಇಷ್ಟಾದ ಮೇಲೆ ಉಳಿಯುವುದು ಆಯ್ಕೆ. ಹಲಗೆಯಲ್ಲಿ ನಾಲ್ಕು ಸಾಲಿಗಿಂತ ಹೆಚ್ಚು ಬೇಡ; ಊರಿಗೆ ಹತ್ತಿರದ್ದು ಮೊದಲು ಬರಲಿ. ನಾನು ವರ್ಷದ ಪ್ರತಿ ದಿನಕ್ಕೂ ಒಂದು ಪುಟದಂತೆ, ಫೆಬ್ರವರಿ 29ನ್ನೂ ಬಿಡದೆ, 366 ಪುಟಗಳ ಟಿಪ್ಪಣಿ ಪುಸ್ತಕವನ್ನು ಇಟ್ಟುಕೊಂಡಿದ್ದೇನೆ. ಪ್ರತಿ ಸಾಲಿನ ಅಂಚಿನಲ್ಲಿ ಅದನ್ನು ಎಲ್ಲಿ ನೋಡಿದೆನೆಂದು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಎರಡು ಕಡೆ ಹೊಂದಿಕೆಯಾದ ಮೇಲೆ ಮಾತ್ರ ಆ ಸಾಲನ್ನು ಮಸಿಯಲ್ಲಿ ತಿದ್ದುತ್ತೇನೆ.