ಬ್ಯಾಡಗಿ ಮೆಣಸಿನಕಾಯಿ ದರ: ‘ಆರ್’ನಲ್ಲಿ ಗ್ರಾಫ್ ತೆಗೆಯೋದು, ಉಳಿಸೋದು ಹೇಗೆ?

ಧಾರವಾಡದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವವರಿಗೆ ಬ್ಯಾಡಗಿ ಮೆಣಸಿನಕಾಯಿ ದರ ಒಳ್ಳೆಯ ವಿಷಯ. ಎಪಿಎಂಸಿಯ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ) ದರ ಆನ್‌ಲೈನ್‌ನಲ್ಲೇ ಸಿಗುತ್ತವೆ. ಗ್ರಾಫ್ ತೆಗೆಯೋದನ್ನೂ ಬಹಳ ಮಂದಿ ಬೇಗ ಕಲಿಯುತ್ತಾರೆ. ಆದರೆ ಚಿತ್ರ ಒಂದನ್ನೇ ಉಳಿಸಿ, ಅದು ಬಂದ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಗೈಡ್ ‘ಈ ಗೆರೆ ಸ್ವಲ್ಪ ದಪ್ಪ ಮಾಡು’ ಎಂದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಬಾರದು. ಎರಡನ್ನೂ ಉಳಿಸಬೇಕು.

ಆರ್ ಎಂದರೆ ಅಂಕಿಅಂಶದ ಲೆಕ್ಕಕ್ಕೆ, ಗ್ರಾಫ್‌ಗೆ ಬಳಸುವ ಕಂಪ್ಯೂಟರ್ ಭಾಷೆ. ಅದು ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ. ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಇದನ್ನು ಕಟ್ಟಿದವರು. 1.0.0 ಆವೃತ್ತಿ ಬಂದಿದ್ದು 2000ದ ಫೆಬ್ರುವರಿ 29ರಂದು. ಪೂರ್ತಿ ಉಚಿತ. ಇಲ್ಲಿ ಕನ್ನಡದಲ್ಲಿ ಬರೆದ ಆದೇಶಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ‘ಡಾಟ್’ ಎಂದಲ್ಲಿ ಚುಕ್ಕಿ ಇಡಬೇಕು.

ಮೊದಲು ದಿನಾಂಕ ಸರಿ ಮಾಡಿ

ಎಕ್ಸೆಲ್‌ನಲ್ಲಿ ಮೂರು ಕಾಲಂ ಇರಲಿ: ದಿನಾಂಕ, ಕಡ್ಡಿ ದರ, ಡಬ್ಬಿ ದರ (ಕಡ್ಡಿ, ಡಬ್ಬಿ ಬ್ಯಾಡಗಿ ಮೆಣಸಿನಕಾಯಿಯ ಎರಡು ತಳಿ). ಅದನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಆಗಿ ಸೇವ್ ಮಾಡಿ, ‘ರೀಡ್ ಡಾಟ್ ಸಿಎಸ್‌ವಿ’ಯಿಂದ ಓದಿಸಿ, ‘ದರ’ ಎಂಬ ಹೆಸರಿನ ಆಬ್ಜೆಕ್ಟ್‌ಗೆ (ಆರ್ ತನ್ನ ನೆನಪಿನಲ್ಲಿ ಹೆಸರಿಟ್ಟು ಇಟ್ಟುಕೊಳ್ಳುವ ಮಾಹಿತಿ) ಹಾಕಿ. ಕೂಡಲೇ ಗ್ರಾಫ್‌ಗೆ ಕೈ ಹಾಕಬೇಡಿ. ‘ಎಸ್‌ಟಿಆರ್’ ಆದೇಶ ಕೊಟ್ಟು, ಯಾವ ಕಾಲಂ ಯಾವ ಬಗೆಯದು ಎಂದು ನೋಡಿ. ನಮ್ಮ ಕಡೆ ಬರೆಯುವ 15-02-2024 ಎಂಬ ದಿನಾಂಕ ಆರ್‌ಗೆ ಬರೀ ಅಕ್ಷರಗಳ ಸಾಲು. ‘ಆ್ಯಸ್ ಡಾಟ್ ಡೇಟ್’ ಆದೇಶದಲ್ಲಿ ದಿನ ಮೊದಲು, ತಿಂಗಳು ಆಮೇಲೆ, ವರ್ಷ ಕೊನೆಗೆ ಎಂದು ಹೇಳಿದರೆ ಅದು ನಿಜವಾದ ದಿನಾಂಕವಾಗುತ್ತದೆ. ಆಮೇಲೆ ದಿನಾಂಕದ ಪ್ರಕಾರ ಸಾಲುಗಳನ್ನು ಜೋಡಿಸಿ. ಇಲ್ಲದಿದ್ದರೆ ಗೆರೆ ಹಿಂದೆ ಮುಂದೆ ಓಡಾಡುತ್ತದೆ.

ಬ್ಯಾಡಗಿಯಲ್ಲಿ ಮುಖ್ಯ ಸಂತೆ ಸೋಮವಾರ ಮತ್ತು ಗುರುವಾರ. ವಹಿವಾಟು ಇಲ್ಲದ ದಿನಕ್ಕೆ ಸೊನ್ನೆ ತುಂಬಬೇಡಿ. ಸೊನ್ನೆ ಹಾಕಿದರೆ ಆವತ್ತು ಮೆಣಸಿನಕಾಯಿ ಪುಕ್ಕಟೆ ಹೋಯಿತು ಎಂದು ಗ್ರಾಫ್ ಹೇಳುತ್ತದೆ! ಆ ಸಾಲನ್ನೇ ಬಿಡಿ.

ಎರಡು ಗೆರೆ, ಒಂದು ಚಿತ್ರ

‘ಪ್ಲಾಟ್’ ಆದೇಶಕ್ಕೆ ದಿನಾಂಕ ಮತ್ತು ಕಡ್ಡಿ ದರ ಕೊಡಿ. ಸುಮ್ನೆ ಕೊಟ್ಟರೆ ಚುಕ್ಕೆಗಳು ಬರುತ್ತವೆ. ಗೆರೆ ಬೇಕಾದರೆ ‘ಟೈಪ್’ ಎಂಬಲ್ಲಿ ‘ಎಲ್’ ಅಕ್ಷರ ಹಾಕಿ. ‘ಎಕ್ಸ್‌ಲ್ಯಾಬ್’, ‘ವೈಲ್ಯಾಬ್’ನಲ್ಲಿ ಅಕ್ಷಗಳ ಹೆಸರು ಬರೆಯಿರಿ. ‘ಕ್ವಿಂಟಲ್‌ಗೆ ರೂಪಾಯಿ’ ಅನ್ನೋದನ್ನು ಮಾತ್ರ ಮರೆಯಬೇಡಿ. ಅಳತೆ ಇಲ್ಲದ ಗ್ರಾಫ್ ಯಾರ ಉಪಯೋಗಕ್ಕೂ ಬರಲ್ಲ.

ಡಬ್ಬಿ ದರವನ್ನು ‘ಲೈನ್ಸ್’ ಆದೇಶದಿಂದ ಅದೇ ಚಿತ್ರಕ್ಕೆ ಸೇರಿಸಬಹುದು. ಇಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ. ಲಂಬ ಅಕ್ಷದ ಎತ್ತರವನ್ನು ಪ್ಲಾಟ್ ಮೊದಲ ಗೆರೆ ನೋಡಿಯೇ ಗಟ್ಟಿ ಮಾಡಿಬಿಡುತ್ತದೆ. ಡಬ್ಬಿ ಸಾಮಾನ್ಯವಾಗಿ ಕಡ್ಡಿಗಿಂತ ಜಾಸ್ತಿ ದರಕ್ಕೆ ಹೋಗುವ ಮಾಲು, ಅಲ್ವಾ? ಅದರ ಗೆರೆ ಚೌಕಟ್ಟಿನ ಮೇಲೆ ಕತ್ತರಿಸಿ ಹೋಗುತ್ತದೆ. ಎಚ್ಚರಿಕೆಯ ಸಂದೇಶವೂ ಬರಲ್ಲ. ಅದಕ್ಕೆ ಪ್ಲಾಟ್‌ನಲ್ಲೇ ‘ವೈಲಿಮ್’ ಬರೆದು, ಎರಡೂ ಕಾಲಂಗಳ ‘ರೇಂಜ್’ ಕೊಡಿ. ಕೊನೆಗೆ ‘ಲೆಜೆಂಡ್’ ಹಾಕಿ, ಯಾವ ಬಣ್ಣ ಯಾವ ತಳಿ ಎಂದು ತಿಳಿಸಿ.

ಚಿತ್ರ ಫೈಲಿಗೆ

ಪರದೆಯ ಸ್ಕ್ರೀನ್‌ಶಾಟ್ ತೆಗೆದು ಪ್ರಾಜೆಕ್ಟ್‌ಗೆ ಅಂಟಿಸಬೇಡಿ, ಪ್ರಿಂಟ್‌ನಲ್ಲಿ ಮಸುಕಾಗುತ್ತದೆ. ಪ್ಲಾಟ್‌ಗೆ ಮೊದಲು ‘ಪಿಎನ್‌ಜಿ’ ಆದೇಶ ಕೊಡಿ, ಗ್ರಾಫ್ ಆ ಹೆಸರಿನ ಚಿತ್ರದ ಫೈಲಿಗೆ ಹೋಗುತ್ತದೆ. ಏನೂ ಹೇಳದಿದ್ದರೆ ಅದು 480ಕ್ಕೆ 480 ಪಿಕ್ಸೆಲ್‌ನ ಸಣ್ಣ ಚಿತ್ರ ಮಾಡುತ್ತದೆ. ಅಗಲ 1800, ಎತ್ತರ 1200, ‘ರೆಸ್’ (ಇಂಚಿಗೆ ಎಷ್ಟು ಪಿಕ್ಸೆಲ್) 300 ಎಂದು ಕೊಟ್ಟರೆ 6 ಇಂಚು ಅಗಲ, 4 ಇಂಚು ಎತ್ತರದ ಚೊಕ್ಕ ಚಿತ್ರ. ಗ್ರಾಫ್‌ನ ಎಲ್ಲ ಆದೇಶ ಮುಗಿದ ಮೇಲೆ ‘ಡೆವ್ ಡಾಟ್ ಆಫ್’. ಇದು ಬಿಟ್ಟುಹೋದರೆ ಫೈಲ್ ಪೂರ್ತಿಯಾಗುವುದಿಲ್ಲ, ಮುಂದಿನ ಗ್ರಾಫೂ ಪರದೆ ಮೇಲೆ ಕಾಣುವುದಿಲ್ಲ.

ಇನ್ನು ಆಬ್ಜೆಕ್ಟ್

ದಿನಾಂಕ ಸರಿಮಾಡಿ ಜೋಡಿಸಿದ ಆ ‘ದರ’ ಕೋಷ್ಟಕವೇ ನಿಮ್ಮ ನಿಜವಾದ ದುಡಿಮೆ. ಅದನ್ನು ಮತ್ತೆ ಸಿಎಸ್‌ವಿಗೆ ಬರೆದರೆ ಓದಿಸುವಾಗ ದಿನಾಂಕ ಮತ್ತೆ ಅಕ್ಷರಗಳಾಗಿ ಬರುತ್ತದೆ. ‘ಸೇವ್ಆರ್‌ಡಿಎಸ್’ ಬಳಸಿ. ‘ಸೇವ್’ ಸಣ್ಣಕ್ಷರ, ‘ಆರ್‌ಡಿಎಸ್’ ದೊಡ್ಡಕ್ಷರ. ಅದಲು ಬದಲಾದರೆ ಆರ್ ಗುರುತಿಸಲ್ಲ. ತೆರೆಯಲು ‘ರೀಡ್ಆರ್‌ಡಿಎಸ್’.

‘ಸೇವ್’ ಮತ್ತು ‘ಲೋಡ್’ ಎಂಬ ಇನ್ನೊಂದು ಜೋಡಿ ಇದೆ. ಒಂದೇ ಫೈಲಿನಲ್ಲಿ ಹಲವು ಆಬ್ಜೆಕ್ಟ್ ಹಿಡಿಯುತ್ತವೆ. ಆದರೆ ಲೋಡ್ ಮಾಡಿದಾಗ ಹಳೆ ಹೆಸರಿನಲ್ಲೇ ಬಂದು ಕೂರುತ್ತವೆ. ಗದಗಿನ ಗೆಳತಿ ತನ್ನ ಹೆಸರುಕಾಳಿನ ಕೋಷ್ಟಕಕ್ಕೂ ‘ದರ’ ಎಂದೇ ಹೆಸರಿಟ್ಟು ಕಳಿಸಿದಳು ಅನ್ನಿ. ಲೋಡ್ ಮಾಡಿದ ಕೂಡಲೇ ನಿಮ್ಮ ಮೆಣಸಿನಕಾಯಿ ಹೋಗಿ ಹೆಸರುಕಾಳು ಬಂದಿರುತ್ತದೆ, ಕೇಳದೆ, ಹೇಳದೆ. ಆರ್‌ಡಿಎಸ್‌ನಲ್ಲಿ ಈ ಅಪಾಯ ಕಡಿಮೆ. ಓದಿಸುವಾಗ ನೀವೇ ಬೇರೆ ಹೆಸರು ಕೊಡಬಹುದು.

ಆರ್ ಮುಚ್ಚುವಾಗ ವರ್ಕ್‌ಸ್ಪೇಸ್ (ಆಗ ತೆರೆದಿರುವ ಎಲ್ಲ ಆಬ್ಜೆಕ್ಟ್‌ಗಳು) ಉಳಿಸಲೇ ಎಂದು ಕೇಳುತ್ತದೆ. ಬೇಡ ಎನ್ನಿ. ಬೇಕಾದ ಆಬ್ಜೆಕ್ಟ್ ಆರ್‌ಡಿಎಸ್‌ನಲ್ಲಿದೆ, ಆದೇಶಗಳು ಸ್ಕ್ರಿಪ್ಟ್ ಫೈಲಿನಲ್ಲಿ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಇರಲಿ. ಗೈಡ್‌ಗೆ ಸ್ಕ್ರಿಪ್ಟ್, ಆರ್‌ಡಿಎಸ್, ಪಿಎನ್‌ಜಿ ಮೂರನ್ನೂ ಕಳಿಸಿ.

ಕಾಲೇಜಿನ ಲ್ಯಾಬ್ ಕಂಪ್ಯೂಟರ್‌ನಲ್ಲಿ ಹಳೆ ಆರ್ ಇದ್ದರೆ ಒಂದು ಮಾತು. ಈಗಿನ ಆರ್ ಉಳಿಸುವ ಫೈಲನ್ನು 3.5.0ಕ್ಕಿಂತ ಹಳೆಯದು ಓದುವುದಿಲ್ಲ. ಅಂಥ ಕಡೆಗೆ ಕಳಿಸುವಾಗ ಸೇವ್ಆರ್‌ಡಿಎಸ್‌ನಲ್ಲಿ ‘ವರ್ಷನ್’ 2 ಎಂದು ಸೇರಿಸಿ, ಅಲ್ಲೂ ತೆರೆಯುತ್ತದೆ.